ವಾಚ್ ಕೊಳ್ಳುವ ಮೊದಲು ‘ಶುಕ್ರ’ ಬರೆದು ನೋಡಿ

ಪ್ರಶ್ನೆ: ನಾನು ಧಾರವಾಡದವನು. ಪುಣೆಯ ಕೊಥ್ರೂಡ್‌ನಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಪೆಬಲ್ ಎಂಬ ಸ್ಮಾರ್ಟ್‌ವಾಚ್ ಮತ್ತೆ ಬಂದಿದೆ, ಅದಕ್ಕೆ ಆಪ್ ಬರೆಯುವ ಟೂಲ್ಸ್ ಕೂಡ ಬಂದಿವೆ ಎಂದು ಓದಿದೆ. ರೂಮ್‌ಮೇಟ್ ಒಬ್ಬ ‘ಅದು ಹತ್ತು ವರ್ಷ ಹಳೇ ಸ್ಕ್ರೀನು, ದುಡ್ಡು ದಂಡ’ ಅನ್ನುತ್ತಾನೆ. ಇನ್ನೊಬ್ಬ ‘ಕೋಡ್ ಬರೆಯುವವರಿಗೆ ಇದಕ್ಕಿಂತ ಒಳ್ಳೇ ವಾಚ್ ಇಲ್ಲ’ ಅನ್ನುತ್ತಾನೆ. ನನಗೆ ಸಿ ಭಾಷೆ ಸ್ವಲ್ಪ ಗೊತ್ತು. ಊರಲ್ಲಿರುವ ಅಪ್ಪನಿಗೆ ಕನ್ನಡ ಅಂಕಿ, ಕನ್ನಡ ವಾರ ತೋರಿಸುವ ಒಂದು ವಾಚ್ ಫೇಸ್ (ಸ್ಕ್ರೀನ್ ಮೇಲೆ ಸಮಯ ತೋರಿಸುವ ಮುಖ) ಮಾಡಿಕೊಡಬೇಕು ಎಂದು ಆಸೆ. ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟಿದ್ದೇನೆ. ಮೊದಮೊದಲು ಬರುವ ಇಂಥ ಮಾತುಗಳನ್ನು ಎಷ್ಟು ನಂಬಬೇಕು? ಪೆಬಲ್ ಟೈಮ್ 2 ತಗೊಳ್ಳಲಾ, ಬೇಡವಾ?

ಉತ್ತರ: ಇವತ್ತು ಆರ್ಡರ್ ಮಾಡಬೇಡಿ. ಆದರೆ ಕೆಲಸ ಇವತ್ತೇ ಶುರು ಮಾಡಿ. ಈ ವಾಚ್‌ಗೆ ಆಪ್ ಬರೆಯುವ ಟೂಲ್ಸ್ ಪುಕ್ಕಟೆ ಸಿಗುತ್ತವೆ. ವಾಚ್ ಇಲ್ಲದೆಯೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡುವ ಎಮ್ಯುಲೇಟರ್ ಕೂಡ ಅದರ ಜೊತೆಗೇ ಬರುತ್ತದೆ. ಎರಡು ಮೂರು ವಾರ ಅದರ ಮುಂದೆ ಕೂತುಕೊಳ್ಳಿ. ನಿಮ್ಮ ಅಪ್ಪನ ವಾಚ್ ಫೇಸ್ ಆ ಪುಟ್ಟ ಕಿಟಕಿಯಲ್ಲಿ ಸರಿಯಾಗಿ ಮೂಡಿದರೆ ಆಗ ದುಡ್ಡು ಹಾಕಿ. ಹೊಸ ವಾಚ್ ಬಂದಾಗ ನಾನು ಮೊದಲು ನೋಡುವುದು ಅದರ ಸ್ಕ್ರೀನನ್ನಲ್ಲ, ಅದರ ಟೂಲ್ಸನ್ನು. ಹದಿನೈದು ವರ್ಷದಿಂದ ಇಲ್ಲೇ ಪುಣೆಯಲ್ಲಿ ಸಣ್ಣ ಸಣ್ಣ ಚಿಪ್‌ಗಳಿಗೆ ಕೋಡ್ ಬರೆಯುತ್ತಿದ್ದೇನೆ. ಈ ಅಭ್ಯಾಸ ನನಗೆ ಯಾಕೆ ಬಂತು ಎಂದು ಮುಂದೆ ಹೇಳುತ್ತೇನೆ.

ಇತರ ಓದುಗರಿಗಾಗಿ ಹಿಂದಿನ ಕಥೆ ಸ್ವಲ್ಪ. 2012ರಲ್ಲಿ ಎರಿಕ್ ಮಿಗಿಕೋವ್ಸ್ಕಿ ಎಂಬ ಕೆನಡಾದ ಹುಡುಗ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟ್‌ನಲ್ಲಿ ಪೆಬಲ್ ವಾಚ್‌ಗಾಗಿ 1 ಲಕ್ಷ ಡಾಲರ್ ಕೇಳಿದರು. 68,929 ಜನ ಸೇರಿ 1 ಕೋಟಿ ಡಾಲರ್‌ಗಿಂತ ಜಾಸ್ತಿ ಕೊಟ್ಟರು. 2016ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚಿತು, ಅದರ ಆಸ್ತಿಯನ್ನು ಫಿಟ್‌ಬಿಟ್ ಕೊಂಡಿತು. ಫಿಟ್‌ಬಿಟ್ ಅನ್ನು ಆಮೇಲೆ ಗೂಗಲ್ ಕೊಂಡಿತು. 2018ರ ಜೂನ್ 30ಕ್ಕೆ ಪೆಬಲ್ ಸರ್ವರ್‌ಗಳು ನಿಂತವು. ಅಷ್ಟರಲ್ಲಿ ರೆಬಲ್ ಎಂಬ ಸ್ವಯಂಸೇವಕರ ಗುಂಪು ಸಾವಿರಾರು ಆಪ್‌ಗಳನ್ನು ಉಳಿಸಿಕೊಂಡಿತ್ತು. 2025ರ ಜನವರಿಯಲ್ಲಿ ಗೂಗಲ್ ಪೆಬಲ್ ಓಎಸ್‌ನ, ಅಂದರೆ ಆ ವಾಚನ್ನು ನಡೆಸುವ ಸಾಫ್ಟ್‌ವೇರ್‌ನ, ಮೂಲ ಕೋಡ್ ಅನ್ನು ಎಲ್ಲರಿಗೂ ತೆರೆದುಬಿಟ್ಟಿತು. ಅದೇ ಮಾರ್ಚ್‌ನಲ್ಲಿ ಎರಿಕ್ ಅವರ ಹೊಸ ಪುಟ್ಟ ಕಂಪನಿ ಎರಡು ವಾಚ್ ಪ್ರಕಟಿಸಿತು. ಕಪ್ಪು ಬಿಳುಪಿನ ಪೆಬಲ್ 2 ಡ್ಯುಯೋಗೆ 149 ಡಾಲರ್. 64 ಬಣ್ಣದ ಪೆಬಲ್ ಟೈಮ್ 2ಗೆ 225 ಡಾಲರ್. ಮೊದಲನೆಯದು 2025ರ ಜುಲೈನಿಂದ ಜನರ ಕೈ ಸೇರತೊಡಗಿತು.

ಈಗ ನಿಮ್ಮ ರೂಮ್‌ಮೇಟ್‌ಗಳ ಮಾತಿಗೆ ಬರೋಣ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೊಳೆಯುವ ಅಮೊಲೆಡ್ ಸ್ಕ್ರೀನ್ ನೋಡಿ ಅಭ್ಯಾಸ ಆದವನಿಗೆ ಈ ಇ-ಪೇಪರ್ ಸ್ಕ್ರೀನ್ ಮಂಕಾಗಿ ಕಾಣುತ್ತದೆ. ರೂಮಿನ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಇನ್ನೂ ಮಂಕು. ಅದೇ ವಾಚನ್ನು ಮಧ್ಯಾಹ್ನ ಹನ್ನೆರಡಕ್ಕೆ ವೇತಾಳ ಟೇಕಡಿ ಗುಡ್ಡದ ಮೇಲೆ ನೋಡಿದರೆ ಅಚ್ಚು ಹಾಕಿದ ಕಾಗದದ ಹಾಗೆ ಸ್ಪಷ್ಟ. ಹಾಗಾಗಿ ಯಾರಾದರೂ ಸ್ಕ್ರೀನ್ ಬಗ್ಗೆ ಹೇಳಿದರೆ ‘ಎಲ್ಲಿ ನಿಂತು ನೋಡಿದೆ?’ ಎಂದು ಕೇಳಿ. ಹಳೇ ಪೆಬಲ್ ಇಟ್ಟುಕೊಂಡಿದ್ದವರ ಮೆಚ್ಚುಗೆಯನ್ನೂ ಸ್ವಲ್ಪ ತೂಕ ಮಾಡಿ ನೋಡಿ. ಕಳೆದುಹೋದದ್ದು ಮತ್ತೆ ಸಿಕ್ಕ ಖುಷಿಯಲ್ಲಿ ಅವರು ಮಾತಾಡುತ್ತಾರೆ. ಆ ಖುಷಿ ನನಗೂ ಆಗಿದೆ, ಆದರೆ ನಿಮ್ಮ ಅಪ್ಪನಿಗೆ ಆ ನೆನಪು ಇಲ್ಲವಲ್ಲ.

ಬ್ಯಾಟರಿ ವಿಷಯದಲ್ಲಂತೂ ಮೊದಲ ವಾರದ ಮಾತನ್ನು ಪೂರ್ತಿ ಬಿಟ್ಟುಬಿಡಿ. 30 ದಿನ ಬರುತ್ತದೆ ಎಂದು ಕಂಪನಿ ಹೇಳುವ ವಾಚನ್ನು ಐದು ದಿನ ಕಟ್ಟಿಕೊಂಡವನು ಏನು ಹೇಳಲು ಸಾಧ್ಯ? ಮೇಲಾಗಿ ಹೊಸದರಲ್ಲಿ ಎಲ್ಲರೂ ದಿನಕ್ಕೆ ನೂರು ಸಲ ಬಟನ್ ಒತ್ತುತ್ತಾರೆ, ಲೈಟ್ ಹಚ್ಚುತ್ತಾರೆ, ಹತ್ತು ವಾಚ್ ಫೇಸ್ ಹಾಕಿ ತೆಗೆಯುತ್ತಾರೆ. ಎರಡನೇ ತಿಂಗಳಿನ ಮಾತು ಹುಡುಕಿ ಓದಿ. ಫೋನ್ ಆಪ್ ಬಗೆಗಿನ ದೂರುಗಳಿಗೆ ತಾರೀಕು ನೋಡುವುದು ಕಡ್ಡಾಯ. ಆ ಆಪ್ ಅನ್ನು ಹೊಸದಾಗಿ ಬರೆದಿದ್ದಾರೆ, ಅದು ಬೇಗ ಬೇಗ ಬದಲಾಗುತ್ತಿರುತ್ತದೆ. ಮೂರು ತಿಂಗಳ ಹಿಂದಿನ ದೂರು ಇವತ್ತು ನಿಜ ಇರಬೇಕು ಅಂತೇನಿಲ್ಲ.

ಬಟನ್‌ಗಳ ಬಗ್ಗೆ ಮಾತ್ರ ಮೊದಲ ದಿನದ ಮಾತನ್ನೂ ನಂಬಬಹುದು, ಯಾಕೆಂದರೆ ಅದು ಬೆರಳಿಗೆ ತಕ್ಷಣ ಗೊತ್ತಾಗುವ ಸಂಗತಿ. ಒಂದು ಜುಲೈ ಸಂಜೆ ಕರ್ವೆ ರಸ್ತೆಯಲ್ಲಿ ಮಳೆ ಹಿಡಿದುಕೊಂಡಿತು. ಗಾಡಿ ಬದಿಗೆ ಹಾಕಿ ಅಂಗಡಿಯೊಂದರ ತಗಡಿನ ಕೆಳಗೆ ನಿಂತೆ. ರೈನ್‌ಕೋಟ್ ತೋಳಿನ ಒಳಗೆ ನನ್ನ ಹಳೇ ಪೆಬಲ್ ಗುಂಯ್‌ಗುಟ್ಟಿತು. ತೋಳು ಸರಿಸಲೂ ಇಲ್ಲ, ರೈನ್‌ಕೋಟ್ ಮೇಲಿನಿಂದಲೇ ಬಟನ್ ತಡವಿ ಒತ್ತಿ ಕಾಲ್ ನಿಲ್ಲಿಸಿದೆ. ಪಕ್ಕದಲ್ಲಿ ನಿಂತವರು ತಮ್ಮ ಟಚ್ ಸ್ಕ್ರೀನ್ ವಾಚನ್ನು ಅಂಗಿ ಅಂಚಿಗೆ ಒರೆಸುತ್ತಾ ಇದ್ದರು. ಒರೆಸಿದಷ್ಟೂ ಮತ್ತೆ ಹನಿ ಬೀಳುತ್ತಿತ್ತು. ಟೈಮ್ 2ರಲ್ಲಿ ಟಚ್ ಕೂಡ ಇದೆ, ಆದರೆ ನಾಲ್ಕು ಬಟನ್‌ಗಳನ್ನು ಉಳಿಸಿಕೊಂಡಿದ್ದಾರೆ. ವಯಸ್ಸಾದವರ ಒಣ ಬೆರಳಿಗೂ ಟಚ್‌ಗಿಂತ ಬಟನ್ ವಾಸಿ.

ಇನ್ನು ಟೂಲ್ಸ್. ನನ್ನ ಪ್ರಕಾರ ಆರಂಭದ ಪ್ರತಿಕ್ರಿಯೆಗಳಲ್ಲಿ ಹೆಚ್ಚು ಬಾಳಿಕೆ ಬರುವುದು ಕೋಡ್ ಬರೆಯುವವರ ಮಾತು. ಆಪಲ್ ವಾಚ್‌ನ ಉದಾಹರಣೆ ನೋಡಿ. ವಾಚ್ ಅಂಗಡಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅದರ ಟೂಲ್ಸ್ 2014ರ ನವೆಂಬರ್‌ನಲ್ಲೇ ಡೆವಲಪರ್‌ಗಳ ಕೈಗೆ ಬಂದಿದ್ದವು. ಬೇರೆಯವರು ಬರೆದ ಆಪ್‌ನ ಕೋಡ್ ಆಗ ವಾಚ್‌ನಲ್ಲಿ ಓಡುತ್ತಲೇ ಇರಲಿಲ್ಲ. ಫೋನ್‌ನಲ್ಲಿ ಓಡುತ್ತಿತ್ತು, ವಾಚ್ ಬರೀ ಚಿತ್ರ ತೋರಿಸುತ್ತಿತ್ತು. ಒಂದು ಬಟನ್ ಒತ್ತಿದರೆ ಆ ಸುದ್ದಿ ಬ್ಲೂಟೂತ್‌ನಲ್ಲಿ ಫೋನ್‌ಗೆ ಹೋಗಿ, ಉತ್ತರ ತಿರುಗಿ ಬರಬೇಕು. ಇದು ನಿಧಾನ ಆಗುತ್ತದೆ ಎಂದು ಕೋಡ್ ಬರೆಯುವವರಿಗೆ ವಾಚ್ ಬರುವ ಮೊದಲೇ ಗೊತ್ತಾಗಿತ್ತು. ಹಾಗೇ ಆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಚ್ ಓಎಸ್ 2 ಬಂದ ಮೇಲೆ ಆಪ್‌ಗಳು ವಾಚ್‌ನಲ್ಲೇ ಓಡತೊಡಗಿದವು. ಆದರೂ ಎಷ್ಟೋ ದೊಡ್ಡ ಆಪ್‌ಗಳು ಬಂದ ದಾರಿಯಲ್ಲೇ ಹಿಂದೆ ಹೋದವು. ಗೂಗಲ್ ಮ್ಯಾಪ್ಸ್ 2017ರಲ್ಲಿ ಆಪಲ್ ವಾಚ್ ಬಿಟ್ಟಿತು, ತಿರುಗಿ ಬಂದದ್ದು 2020ರಲ್ಲಿ.

ಫಿಟ್‌ಬಿಟ್ ಕಥೆ ಇನ್ನೂ ಬೇಸರದ್ದು. 2017ರಲ್ಲಿ ಐಯಾನಿಕ್ ವಾಚ್ ಜೊತೆ ಜಾವಾಸ್ಕ್ರಿಪ್ಟ್‌ನಲ್ಲಿ ಆಪ್ ಬರೆಯುವ ಚೆಂದದ ಟೂಲ್ಸ್ ಕೊಟ್ಟರು. ಜನ ಪ್ರೀತಿಯಿಂದ ಬರೆದರು. 2022ರಲ್ಲಿ ಬಂದ ಅವರದೇ ಸೆನ್ಸ್ 2, ವರ್ಸಾ 4 ವಾಚ್‌ಗಳಲ್ಲಿ ಹೊರಗಿನವರ ಆಪ್‌ಗೆ ಜಾಗವೇ ಇರಲಿಲ್ಲ.

ನನ್ನದೇ ಒಂದು ಅನುಭವ ಇದೆ. ಕೆಲವು ವರ್ಷಗಳ ಹಿಂದೆ ಅಮ್ಮನಿಗೆ ಒಂದು ವಾಚ್ ಕೊಡಿಸಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಅಮ್ಮನಿಗೆ ದಿನಕ್ಕೆ ಮೂರು ಹೊತ್ತು ಮಾತ್ರೆ. ಅದಕ್ಕಾಗಿ ಪುಟ್ಟ ಆಪ್ ಬರೆದಿದ್ದೆ. ‘ಬೆಳಿಗ್ಗೆ’, ‘ಮಧ್ಯಾಹ್ನ’, ‘ರಾತ್ರಿ’ ಎಂದು ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಮಾತ್ರೆ ನುಂಗಿದ ಮೇಲೆ ಒಮ್ಮೆ ಮುಟ್ಟಿದರೆ ಅಕ್ಷರ ಹೋಗಿ ಒಂದು ಹೂವು ಬರುತ್ತಿತ್ತು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ವಾಚ್ ಕೆಟ್ಟಿತು, ಸರ್ವಿಸ್ ಸೆಂಟರ್‌ನವರು ಬದಲಿ ವಾಚ್ ಕೊಟ್ಟರು. ಅಷ್ಟೊತ್ತಿಗೆ ಕಂಪನಿ ಡೆವಲಪರ್‌ಗಳ ಸರ್ವರ್ ಮುಚ್ಚಿಬಿಟ್ಟಿತ್ತು. ನನ್ನ ಕೋಡ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಇತ್ತು. ಆದರೆ ಅದನ್ನು ವಾಚ್‌ಗೆ ಹಾಕಲು ಅವರ ಸರ್ವರ್‌ನ ಸಹಿ ಬೇಕಿತ್ತು. ಹೊಸ ವಾಚ್ ಕಟ್ಟಿಕೊಂಡ ಅಮ್ಮ ರಾತ್ರಿ ಊಟ ಆದ ಮೇಲೆ ಕೈ ತಿರುಗಿಸಿ ನೋಡಿ ‘ಹೂವು ಎಲ್ಲಿ ಹೋತು?’ ಎಂದು ಕೇಳಿದಳು. ಅವತ್ತಿನಿಂದ ಯಾವ ವಾಚ್ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ. ಈ ಕಂಪನಿ ನಾಳೆ ಬಾಗಿಲು ಹಾಕಿದರೆ ನನ್ನ ಕೋಡ್ ಈ ವಾಚ್‌ಗೆ ಹತ್ತುತ್ತದಾ?

ಪೆಬಲ್‌ಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಮಾಧಾನ ಕೊಡುವಂತಿದೆ. ಓಎಸ್ ತೆರೆದ ಕೋಡ್. ಫೋನ್ ಆಪ್, ಟೂಲ್ಸ್ ಕೂಡ ಹಾಗೇ ತೆರೆದಿವೆ. ನೀವು ಬರೆದ ಆಪ್ ಒಂದು ಫೈಲ್ ಅಷ್ಟೇ, ಅದನ್ನು ಫೋನ್‌ನಿಂದ ನೇರ ವಾಚ್‌ಗೆ ದಾಟಿಸಬಹುದು. ಕಂಪನಿ ಸತ್ತ ಮೇಲೂ ಒಂಬತ್ತು ವರ್ಷ ಈ ವಾಚ್‌ಗಳು ಜನರ ಕೈಮೇಲೆ ಬದುಕಿದ್ದವು ಅಲ್ವಾ, ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ಹಾಗಂತ ಎಲ್ಲ ನೆಮ್ಮದಿ ಎಂದೂ ಹೇಳಲಾರೆ. ಹಳೇ ಆಪ್ ಸ್ಟೋರ್‌ನ ಸಂಗ್ರಹ ಯಾರ ಹತ್ತಿರ ಇರಬೇಕು, ಹೇಗೆ ಬಳಸಬೇಕು ಎಂದು 2025ರ ನವೆಂಬರ್‌ನಲ್ಲಿ ರೆಬಲ್ ಗುಂಪಿಗೂ ಹೊಸ ಕಂಪನಿಗೂ ಬಹಿರಂಗವಾಗಿ ತಕರಾರು ನಡೆಯಿತು. ಇಬ್ಬರೂ ಈ ವಾಚನ್ನು ಪ್ರೀತಿಸುವವರೇ, ಅದಕ್ಕೇ ನೋಡಿ ಬೇಸರ ಆಯಿತು. ನಿಮ್ಮ ಕೆಲಸಕ್ಕೆ ಅದು ಅಡ್ಡಿ ಬರುವುದಿಲ್ಲ, ಯಾಕೆಂದರೆ ನಿಮ್ಮ ವಾಚ್ ಫೇಸ್‌ಗೆ ಸ್ಟೋರ್ ಬೇಕಾಗಿಲ್ಲ.

ಟೂಲ್ಸ್ ಹೇಗಿವೆ? ಆಪ್ ಬರೆಯುವುದು ಸಿ ಭಾಷೆಯಲ್ಲಿ. ಹವಾಮಾನದಂಥ ಮಾಹಿತಿ ಇಂಟರ್ನೆಟ್‌ನಿಂದ ಬೇಕಾದರೆ ಫೋನ್‌ನಲ್ಲಿ ಓಡುವ ಒಂದು ತುಂಡು ಜಾವಾಸ್ಕ್ರಿಪ್ಟ್. ನಿಮಗೆ ಸದ್ಯಕ್ಕೆ ಅದು ಬೇಡ. ಮೊದಲೆಲ್ಲ ಹಳೇ ಟೂಲ್ಸ್ ಇನ್‌ಸ್ಟಾಲ್ ಮಾಡುವುದೇ ಒಂದು ಯಜ್ಞ ಆಗಿತ್ತು. ಅವು ಪೈಥಾನ್ 2ರ ಮೇಲೆ ನಿಂತಿದ್ದವು, ಪೈಥಾನ್ 2ರ ಕಾಲ 2020ರ ಜನವರಿ 1ಕ್ಕೆ ಮುಗಿದಿತ್ತು. ಈಗ ಪೈಥಾನ್ 3ಕ್ಕೆ ತಂದಿದ್ದಾರೆ. ಕೋಡ್ ಬರೆಯುವವರ ಮೆಚ್ಚುಗೆಯಲ್ಲಿ ದೊಡ್ಡ ಪಾಲು ಇದಕ್ಕೇ ಸಲ್ಲಬೇಕು ಎಂದು ನನಗನ್ನಿಸುತ್ತದೆ. ಬ್ರೌಸರ್‌ನಲ್ಲೇ ಬರೆದು ನೋಡುವ ದಾರಿಯೂ ಇದೆ. ಏನೂ ಇನ್‌ಸ್ಟಾಲ್ ಮಾಡದೆ ಮೊದಲ ಸಂಜೆಯೇ ಏನಾದರೂ ಕಾಣಬೇಕು ಎಂದರೆ ಅದರಿಂದ ಶುರು ಮಾಡಿ.

ಸಿ ಅಂದರೆ ಹೆದರಬೇಡಿ, ಆದರೆ ಜಾಗ ಕಡಿಮೆ ಎಂಬುದು ನೆನಪಿರಲಿ. ಮೊಟ್ಟಮೊದಲ ಪೆಬಲ್‌ನಲ್ಲಿ ಒಂದು ಆಪ್‌ಗೆ ಸಿಗುತ್ತಿದ್ದ ಮೆಮೊರಿ 24 ಕೆಬಿ. ಟೈಮ್ 2ರಲ್ಲಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸಿಗುತ್ತದೆ. ಆದರೂ ಫೋನ್ ಆಪ್ ಬರೆದವರಿಗೆ ಇದು ಒಂದು ಕೋಣೆಯ ಮನೆಯಲ್ಲಿ ಸಂಸಾರ ಮಾಡಿದ ಹಾಗೆ. ಕಲಿಯುವವರಿಗೆ ಇದು ಒಳ್ಳೆಯದು. ಒಂದೊಂದು ಬೈಟ್ ಎಲ್ಲಿ ಹೋಯಿತು ಎಂದು ಲೆಕ್ಕ ಇಡುವುದು ತಾನಾಗಿ ಬರುತ್ತದೆ.

ಹೊಸಬರು ಮಾಡುವ ಒಂದು ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ವಾಚ್ ಫೇಸ್ ಬರೆಯುವಾಗ ‘ನನ್ನನ್ನು ಯಾವಾಗ ಎಬ್ಬಿಸಬೇಕು’ ಎಂದು ಓಎಸ್‌ಗೆ ಹೇಳಬೇಕು. ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 1,440 ಸಲ ಎಬ್ಬಿಸುತ್ತದೆ. ಸೆಕೆಂಡಿಗೊಮ್ಮೆ ಎಂದರೆ 86,400 ಸಲ. ಸೆಕೆಂಡ್ ಮುಳ್ಳು ಓಡುವುದು ನೋಡಲು ಚೆಂದ, ಸರಿ. ಆದರೆ ಅದಕ್ಕಾಗಿ ಚಿಪ್ ಅರವತ್ತು ಪಟ್ಟು ಹೆಚ್ಚು ಸಲ ನಿದ್ದೆಯಿಂದ ಏಳಬೇಕು. ‘ಬ್ಯಾಟರಿ ಒಂದು ವಾರವೂ ಬರಲಿಲ್ಲ’ ಎಂದು ಯಾರಾದರೂ ದೂರಿದರೆ ಅವರು ಯಾವ ವಾಚ್ ಫೇಸ್ ಹಾಕಿಕೊಂಡಿದ್ದರು ಎಂದು ಮೊದಲು ಕೇಳಬೇಕು. ತಪ್ಪು ವಾಚ್‌ನದ್ದಲ್ಲದೇ ಇರಬಹುದು.

ಎಮ್ಯುಲೇಟರ್ ಈ ತಪ್ಪನ್ನು ತೋರಿಸುವುದಿಲ್ಲ. ಲ್ಯಾಪ್‌ಟಾಪ್‌ಗೆ ಕರೆಂಟ್ ಇದೆ, ಅದಕ್ಕೇನು ಚಿಂತೆ? ಬಣ್ಣದಲ್ಲೂ ಅದು ಮೋಸ ಮಾಡುತ್ತದೆ. ಅಲ್ಲಿ ಕೆಂಡದ ಹಾಗೆ ಕಾಣುವ ಕೆಂಪು ಕೈಮೇಲೆ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಅಪ್ಪನ ವಾಚ್‌ಗೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಇಡಿ. ಬಣ್ಣ ಬೇಕೇ ಬೇಕು ಎಂದರೆ ವಾರದ ಹೆಸರಿಗೆ ಮಾತ್ರ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬಂದೆ. ಕನ್ನಡ. ವಾಚ್ ಬಗ್ಗೆ ಬಂದ ಆರಂಭದ ಪ್ರತಿಕ್ರಿಯೆಗಳಲ್ಲಿ ಇದನ್ನು ಹೇಳುವವರು ತೀರಾ ಕಡಿಮೆ. ನಮಗೆ ಬೇಕಾದ ಮೊದಲ ಸಂಗತಿಯೇ ಇದು.

ಪೆಬಲ್‌ನ ಮೂಲ ಫಾಂಟ್‌ಗಳಲ್ಲಿ ಕನ್ನಡ ಇಲ್ಲ. ಊರಿಂದ ಕನ್ನಡದಲ್ಲಿ ವಾಟ್ಸ್ಆಪ್ ಬಂದರೆ ಖಾಲಿ ಚೌಕಗಳ ಸಾಲು ಕಾಣುತ್ತದೆ. ನಮ್ಮದೇ ಆಪ್‌ನಲ್ಲಿ ನಮ್ಮ ಫಾಂಟ್ ಸೇರಿಸಬಹುದು. ಆದರೆ ಫಾಂಟ್ ಇದ್ದರೆ ಸಾಲದು. ‘ಶುಕ್ರ’ ಎಂಬ ಪದ ನಮಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಐದು ಸಂಕೇತ. ಶ, ಉ ಕೊಂಬು, ಕ, ಹಲಂತ, ರ. ‘ರ’ ಇಲ್ಲಿ ಪೂರ್ತಿ ಅಕ್ಷರವಾಗಿ ನಿಲ್ಲಬಾರದು, ‘ಕ’ದ ಒತ್ತಾಗಬೇಕು ಎಂದು ಯಾರೋ ತೀರ್ಮಾನ ಮಾಡಬೇಕು. ಆ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದನ್ನು ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಪೆಬಲ್ ಓಎಸ್ ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಜೋಡಿಸುತ್ತಾ ಹೋಗುತ್ತದೆ. ಅಲ್ಲಿ ‘ಶುಕ್ರ’ ಎಂಬುದು ‘ಶುಕ್‌ರ’ದಂತೆ ಚದುರಿ ಕೂರುತ್ತದೆ.

ನೀವು ಪುಣೆಯಲ್ಲಿದ್ದೀರಿ, ಪರೀಕ್ಷೆಗೆ ಬೇಕಾದ ಪದಗಳು ನಿಮ್ಮ ಬಸ್ಸಿನ ಬೋರ್ಡ್‌ಗಳ ಮೇಲೇ ಇವೆ. ಹಳೇ ಪುಣೆಯ ಪೇಠ್‌ಗಳಿಗೆ ವಾರದ ಹೆಸರಿದೆ ಅಲ್ವಾ? ಸೋಮವಾರ ಪೇಠ್‌ನಿಂದ ರವಿವಾರ ಪೇಠ್‌ವರೆಗೆ ಏಳೂ ಇವೆ. ಆ ಏಳು ಹೆಸರಿನ ಮೊದಲ ಭಾಗವನ್ನು ಕನ್ನಡದಲ್ಲಿ ಎಮ್ಯುಲೇಟರ್‌ಗೆ ಬರೆದು ನೋಡಿ. ನಾನು ನೋಡಿದ್ದೇನೆ. ‘ಮಂಗಳ’ ಅಚ್ಚುಕಟ್ಟಾಗಿ ಬರುತ್ತದೆ, ಯಾಕೆಂದರೆ ಅದರಲ್ಲಿ ಒತ್ತೂ ಇಲ್ಲ, ಸೊನ್ನೆ ಬಿಟ್ಟರೆ ಬೇರೆ ಗುಣಿತವೂ ಇಲ್ಲ. ‘ಬುಧ’, ‘ಗುರು’ ಹೆಚ್ಚೂ ಕಡಿಮೆ ಪರವಾಗಿಲ್ಲ, ಕೊಂಬು ಪಕ್ಕದಲ್ಲಿ ಕೂರುವುದರಿಂದ ಕಣ್ಣಿಗೆ ಒಗ್ಗುತ್ತದೆ. ‘ಸೋಮ’ ಒಡೆಯುತ್ತದೆ. ‘ಶನಿ’, ‘ರವಿ’ ಎರಡರಲ್ಲೂ ಗುಡಿಸು ಅಕ್ಷರದ ತಲೆಯ ಮೇಲೆ ಸೇರದೆ ಬೇರೆ ನಿಲ್ಲುತ್ತದೆ. ‘ಶುಕ್ರ’ವಂತೂ ಹೇಳಿದೆನಲ್ಲ. ಏಳರಲ್ಲಿ ಪೂರ್ತಿ ಸರಿ ಬಂದದ್ದು ಒಂದು.

ಇದಕ್ಕೆ ದಾರಿ ಇದೆ, ಕಷ್ಟದ್ದೂ ಅಲ್ಲ. ಏಳು ವಾರದ ಹೆಸರುಗಳನ್ನು ಲ್ಯಾಪ್‌ಟಾಪ್‌ನಲ್ಲಿ ಬರೆದು, ಏಳು ಪುಟ್ಟ ಕಪ್ಪು ಬಿಳುಪು ಚಿತ್ರಗಳಾಗಿ ಉಳಿಸಿ. 80 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇಟ್ಟರೆ ಒಂದು ಚಿತ್ರಕ್ಕೆ 300 ಬೈಟ್ ಕೂಡ ಬೇಡ. ಏಳೂ ಸೇರಿ 2 ಕೆಬಿ ಆಸುಪಾಸು. ಇವತ್ತು ಯಾವ ವಾರವೋ ಆ ಚಿತ್ರ ತೋರಿಸಿದರೆ ಆಯಿತು. ‘ಬೆಳಿಗ್ಗೆ’, ‘ಸಂಜೆ’ ಬೇಕಿದ್ದರೆ ಅವನ್ನೂ ಹೀಗೇ ಮಾಡಿ.

ಅಂಕಿಗಳ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ೦ಯಿಂದ ೯ರವರೆಗೆ ಒಂದೊಂದಕ್ಕೂ ಒಂದೇ ಸಂಕೇತ. ಒತ್ತು, ಗುಣಿತದ ಗೊಡವೆ ಇಲ್ಲ. ಹಾಗಾಗಿ ಫಾಂಟ್ ಸೇರಿಸಿದರೆ ಸಾಕು, ನೇರ ಮೂಡುತ್ತವೆ. ಇಡೀ ಫಾಂಟ್ ಸೇರಿಸಬೇಡಿ, ಪ್ರಾಜೆಕ್ಟ್ ಫೈಲ್‌ನಲ್ಲಿ ಆ ಹತ್ತು ಅಂಕಿಗಳನ್ನು ಮಾತ್ರ ಆರಿಸಿಕೊಳ್ಳಲು ಬರುತ್ತದೆ. ಫಾಂಟ್ ಯಾವುದು ಎಂದರೆ, ನನಗೆ ‘ಬಾಲೂ ತಮ್ಮ’ ಇಷ್ಟ. ಮುಂಬಯಿಯ ಏಕ್ ಟೈಪ್ ತಂಡ ಮಾಡಿದ್ದು, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಳಸಬಹುದು. ಗೆರೆ ದಪ್ಪ ಇರುವುದರಿಂದ ಸಣ್ಣ ಸ್ಕ್ರೀನ್‌ನಲ್ಲಿ ಎದ್ದು ಕಾಣುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ಕನ್ನಡ ಅಂಕಿಗಳು ಅಗಲ. ಟೈಮ್ 2ರ ಸ್ಕ್ರೀನ್ 200 ಪಿಕ್ಸೆಲ್ ಅಗಲ, 228 ಪಿಕ್ಸೆಲ್ ಎತ್ತರ. ೧೦:೩೦ ಎಂದು ಒಂದೇ ಸಾಲಿನಲ್ಲಿ ಬರೆದರೆ ಅಂಕಿಗಳು ಚಿಕ್ಕದಾಗಿ ಇಕ್ಕಟ್ಟಾಗುತ್ತವೆ. ಚಿಕ್ಕದಾದರೆ ೦ ಮತ್ತು ೧, ೬ ಮತ್ತು ೯ ಒಂದರ ಹಾಗೆ ಇನ್ನೊಂದು ಕಾಣುತ್ತದೆ. ಕನ್ನಡಕ ಹಾಕಿಕೊಳ್ಳದೆ ನೋಡುವವರಿಗೆ ಇದು ದೊಡ್ಡ ತೊಂದರೆ. ಗಂಟೆ ಮೇಲಿನ ಸಾಲಿಗೆ, ನಿಮಿಷ ಕೆಳಗಿನ ಸಾಲಿಗೆ ಇಡಿ. ಒಂದೊಂದು ಸಾಲಿಗೆ 80 ಪಿಕ್ಸೆಲ್ ಕೊಟ್ಟರೂ ವಾರದ ಹೆಸರಿಗೆ ಧಾರಾಳ ಜಾಗ ಉಳಿಯುತ್ತದೆ.

ಕೋಡ್‌ನಲ್ಲಿ ಒಂದು ಗುಂಡಿ ಇದೆ, ಅದರಲ್ಲಿ ನೀವು ಖಂಡಿತ ಬೀಳುತ್ತೀರಿ. ಓಎಸ್ ಸಮಯ ಕೊಡುವುದು ಇಂಗ್ಲಿಷ್ ಅಂಕಿಯಲ್ಲಿ. ಅಲ್ಲಿ ಒಂದು ಅಂಕಿಗೆ ಒಂದು ಬೈಟ್. 10:30 ಎಂಬುದಕ್ಕೆ ಕೊನೆಯ ಸೊನ್ನೆ ಬೈಟ್ ಸೇರಿ 6 ಬೈಟ್ ಸಾಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡ ಅಂಕಿ ಒಂದಕ್ಕೆ 3 ಬೈಟ್. ಹಾಗಾಗಿ ೧೦:೩೦ಕ್ಕೆ 14 ಬೈಟ್ ಬೇಕು. ಪೆಬಲ್‌ನ ಆರಂಭದ ಪಾಠದಲ್ಲಿ ನೋಡಿದ 8 ಬೈಟಿನ ಬಫರ್ (ಅಕ್ಷರ ಇಡುವ ಜಾಗ) ಅನ್ನೇ ಇಟ್ಟುಕೊಂಡರೆ ಉಳಿದ ಬೈಟ್‌ಗಳು ಪಕ್ಕದ ಮೆಮೊರಿ ಮೇಲೆ ಹತ್ತಿ ಕೂರುತ್ತವೆ, ಆಪ್ ಬೀಳುತ್ತದೆ. ಒಳ್ಳೆಯ ಸಂಗತಿ ಏನೆಂದರೆ, ಆ ಮೂರು ಬೈಟ್‌ಗಳಲ್ಲಿ ಮೊದಲ ಎರಡು ಹತ್ತೂ ಅಂಕಿಗೆ ಒಂದೇ. ಮೂರನೆಯದು ಮಾತ್ರ ೦ಯಿಂದ ೯ರವರೆಗೆ ಒಂದೊಂದೇ ಹೆಚ್ಚುತ್ತದೆ. ಐದು ಸಾಲಿನ ಒಂದು ಫಂಕ್ಷನ್ ಬರೆದರೆ ಮುಗಿಯಿತು.

ವಾಟ್ಸ್ಆಪ್‌ನ ಚೌಕಗಳ ಕಥೆ ಏನು? ಅದು ದೊಡ್ಡ ಕೆಲಸ, ಆದರೆ ಈಗ ಮೊದಲ ಬಾರಿಗೆ ಆಗಬಹುದಾದ ಕೆಲಸ. ಫೋನ್‌ಗೆ ಕನ್ನಡ ಶೇಪಿಂಗ್ ಬರುತ್ತದೆ. ಫೋನ್ ಆಪ್‌ನ ಕೋಡ್ ತೆರೆದಿದೆ. ಕನ್ನಡದ ಮೆಸೇಜ್ ಬಂದರೆ ಫೋನ್‌ನಲ್ಲೇ ಅದನ್ನು ಚಿತ್ರ ಮಾಡಿ ವಾಚ್‌ಗೆ ಕಳಿಸಬಹುದು. 144 ಅಗಲ, 168 ಎತ್ತರದ ಕಪ್ಪು ಬಿಳುಪು ಸ್ಕ್ರೀನ್ ತುಂಬ ಬರೆದರೂ ಆ ಚಿತ್ರ 3 ಕೆಬಿ ಚಿಲ್ಲರೆ ಅಷ್ಟೇ. ಕನ್ನಡಕ್ಕೆ ಮಾಡಿದ್ದು ಮರಾಠಿಗೂ ತಮಿಳಿಗೂ ಆಗುತ್ತದೆ. ನಿಮ್ಮ ಕಾಲೇಜಿನಲ್ಲಿ ಕೊನೇ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ತಗೊಳ್ಳಿ, ಮರಾಠಿ ಗೆಳೆಯರನ್ನೂ ಸೇರಿಸಿಕೊಳ್ಳಿ. ಮಾಡಲು ಕೂತರೆ ನನ್ನಿಂದಾದ ಸಹಾಯ ಮಾಡುತ್ತೇನೆ.

ಕನ್ನಡದ ಮೆಸೇಜ್ ಇವತ್ತೇ ಓದಬೇಕು, ಅದೇ ಮುಖ್ಯ ಎಂದಿದ್ದರೆ ಗೂಗಲ್‌ನ ವೇರ್ ಓಎಸ್ ಇರುವ ವಾಚ್ ನೋಡಿ. ಒಳಗೆ ಆಂಡ್ರಾಯ್ಡ್ ಇರುವುದರಿಂದ ‘ಶುಕ್ರ’ ಏನೂ ಮಾಡದೆ ಸರಿ ಬರುತ್ತದೆ. ಬದಲಿಗೆ ಒಂದೆರಡು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು. ಆಪಲ್ ವಾಚ್‌ಗೆ ಕೋಡ್ ಬರೆಯಲು ಮ್ಯಾಕ್ ಬೇಕು, ಐಫೋನ್ ಬೇಕು, ಹಾಗಾಗಿ ವಿದ್ಯಾರ್ಥಿಗೆ ಹೇಳಲಾರೆ. ಜಾವಾಸ್ಕ್ರಿಪ್ಟ್ ಇಷ್ಟ ಎಂದರೆ ಬ್ಯಾಂಗಲ್ ಜೆಎಸ್ 2 ಎಂಬ ಪುಟ್ಟ ತೆರೆದ ವಾಚ್ ಇದೆ, ಕಲಿಯಲು ಚೆನ್ನಾಗಿದೆ. ಎರಡು ಸಾವಿರ ರೂಪಾಯಿಗೆ ಅಂಗಡಿಯಲ್ಲಿ ಸಿಗುವ ವಾಚ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಹೊರಗಿನವರು ಕೋಡ್ ಬರೆಯಲು ಬಾಗಿಲೇ ಇಲ್ಲ.

ದುಡ್ಡಿನ ಲೆಕ್ಕ ಮಾಡುವಾಗ 225 ಡಾಲರ್ ಎಂದರೆ ಹೆಚ್ಚೂ ಕಡಿಮೆ 20 ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ಇದು ಹೊರದೇಶದಿಂದ ಬರುವ ವಾಚ್, ಕೆಟ್ಟರೆ ಪುಣೆಯಲ್ಲಿ ಸರ್ವಿಸ್ ಸೆಂಟರ್ ಇಲ್ಲ. ಇಷ್ಟು ದುಡ್ಡು ಹಾಕುವ ಮೊದಲು ಎಮ್ಯುಲೇಟರ್‌ನಲ್ಲಿ ಕೆಲಸ ಮುಗಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಐಫೋನ್ ಇದ್ದರೆ ವಾಚ್‌ನಿಂದ ಮೆಸೇಜ್‌ಗೆ ಉತ್ತರ ಕಳಿಸಲು ಆಗುವುದಿಲ್ಲ, ಬೇರೆ ಕಂಪನಿ ವಾಚ್‌ಗಳಿಗೆ ಆಪಲ್ ಅದನ್ನು ಬಿಟ್ಟುಕೊಟ್ಟಿಲ್ಲ. ಆಂಡ್ರಾಯ್ಡ್‌ನಲ್ಲಿ ಆ ತಡೆ ಇಲ್ಲ.

ವಾಚ್ ಬಂದ ದಿನ ಲ್ಯಾಪ್‌ಟಾಪ್‌ನಿಂದ ಕೋಡ್ ದಾಟಿಸಲು ಹೋದರೆ ‘ಫೋನ್ ಸಿಗುತ್ತಿಲ್ಲ’ ಎಂದು ಬರಬಹುದು. ಗಾಬರಿ ಬೇಡ. ಪಿಜಿ, ಹಾಸ್ಟೆಲ್‌ಗಳ ವೈಫೈನಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ಕಟ್ಟಿಹಾಕಿರುತ್ತಾರೆ. ಫೋನ್‌ನ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪ್ ಅನ್ನು ಅದಕ್ಕೇ ಸೇರಿಸಿ, ದಾಟುತ್ತದೆ.

ಕೊನೆಗೆ ಅಪ್ಪನ ವಿಷಯ. ಅವರ ಬಳಿ ಸ್ಮಾರ್ಟ್‌ಫೋನ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೂ ಚಿಂತೆ ಇಲ್ಲ. ಇಲ್ಲೇ ನಿಮ್ಮ ಫೋನ್‌ಗೆ ಸೇರಿಸಿ ವಾಚ್ ಫೇಸ್ ಹಾಕಿ, ಒಂದು ವಾರ ನೀವೇ ಕಟ್ಟಿಕೊಂಡು ಓಡಾಡಿ. ಏಳೂ ವಾರದ ಹೆಸರು ಸರಿ ಬಂದವಾ ನೋಡಿ, ಆಮೇಲೆ ಊರಿಗೆ ಒಯ್ಯಿರಿ. ಸಮಯ, ವಾರ ಎಲ್ಲ ವಾಚ್ ಒಳಗೇ ನಡೆಯುತ್ತವೆ, ಫೋನ್ ಹತ್ತಿರ ಇರಬೇಕಿಲ್ಲ. ಗಡಿಯಾರ ಚೂರು ಹಿಂದೆ ಮುಂದೆ ಆದರೆ ಮುಂದಿನ ಸಲ ನೀವು ಹೋದಾಗ ನಿಮ್ಮ ಫೋನ್ ಸರಿಮಾಡುತ್ತದೆ. ಬೆಲ್ಟ್ 22 ಮಿಲಿಮೀಟರ್‌ನದ್ದು, ಧಾರವಾಡದ ಯಾವ ಗಡಿಯಾರದ ಅಂಗಡಿಯಲ್ಲೂ ಚರ್ಮದ್ದು ಸಿಗುತ್ತದೆ. ಚಾರ್ಜ್ ಮಾಡುವ ಕೇಬಲ್ ಮಾತ್ರ ಬೇರೆ ಥರದ್ದು, ಆರ್ಡರ್ ಮಾಡುವಾಗಲೇ ಇನ್ನೊಂದು ಹೆಚ್ಚಿಗೆ ತರಿಸಿ. 30 ದಿನ ಬರುತ್ತದೆ ಎಂಬುದನ್ನು ಪೂರ್ತಿ ನೆಚ್ಚಿಕೊಳ್ಳದೆ, ಹುಣ್ಣಿಮೆಗೊಮ್ಮೆ, ಅಮಾವಾಸ್ಯೆಗೊಮ್ಮೆ ಚಾರ್ಜ್‌ಗೆ ಇಡಿ ಎಂದು ಅಪ್ಪನಿಗೆ ಹೇಳಿ.